‘ಆಗಲ್ಲ’ಮೀಮಾಂಸೆ ಅಥವಾ ಗೃಹನವೀಕರಣದಲ್ಲಿ ಚಾಟ್‌ಬಾಟ್‌ನ ಪ್ರಾಮಾಣ್ಯವಿಚಾರ

ಮನೆ ಕಟ್ಟಿ ನೋಡು ಎಂದ ಹಿರಿಯರು, ಕಟ್ಟಿದ ಮನೆಯನ್ನು ಒಡೆದು ನೋಡುವ ವಿಷಯದಲ್ಲಿ ಮೌನ ತಾಳಿದ್ದಾರೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೋರಿ, ಕಿಟಕಿ, ನೆರೆಮನೆಯ ಗೋಡೆ ಎಲ್ಲಕ್ಕೂ ನಿಯಮವುಂಟು, ಮೀರಿದವರಿಗೆ ದಂಡವೂ ಉಂಟು. ಆದರೆ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ಕೆಡವಿ ‘ಓಪನ್ ಕಿಚನ್’ ಮಾಡಹೊರಟ ಗೃಹಸ್ಥ ಯಾರನ್ನು ಕೇಳಬೇಕೆಂಬುದನ್ನು ಆಚಾರ್ಯರು ತಿಳಿಸಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಈ ಕೊರತೆ ನೀಗಿತೆಂಬುದು ನವೀನರ ವಾದ. ನೀಗಿಲ್ಲವೆಂದು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಗೃಹನವೀಕರಣಕ್ಕೆ ಸಿಮೆಂಟು, ಮರಳಿಗಿಂತ ಮೊದಲು ಬೇಕಾದದ್ದು ‘ಆಗಲ್ಲ’ ಎನ್ನಬಲ್ಲ ಒಬ್ಬ ಆಸಾಮಿ.

ಪ್ರಮಾಣಗಳನ್ನು ನೋಡೋಣ. ಗೋಡೆ ತೆಗೆಯಲೇ ಎಂದು ಯಂತ್ರವನ್ನು ಕೇಳಿದರೆ ‘ಬಹಳ ಒಳ್ಳೆಯ ಯೋಚನೆ!’ ಎಂದು ಆರಂಭಿಸಿ ಗಾಳಿ, ಬೆಳಕು, ಕುಟುಂಬದ ಒಗ್ಗಟ್ಟಿನವರೆಗೆ ಲಾಭಗಳನ್ನು ಪಟ್ಟಿ ಮಾಡುತ್ತದೆ. ಅದೇ ಮನೆಯ ಯಜಮಾನಿ ಬೇರೆ ಫೋನಿನಲ್ಲಿ ‘ಒಗ್ಗರಣೆ ಘಾಟು ಹಾಲಿಗೆ ಬರದಂತೆ ಗೋಡೆ ಉಳಿಸಿಕೊಳ್ಳಲೇ’ ಎಂದು ಕೇಳಲಿ. ಅದೂ ಬಹಳ ಒಳ್ಳೆಯ ಯೋಚನೆಯೇ. ಹೌದಪ್ಪನ ಚಾವಡಿಗೆ ಇದಕ್ಕಿಂತ ಯೋಗ್ಯ ಅಧ್ಯಕ್ಷರು ಸಿಗಲಾರರು. ಇದು ಅಸೂಯಾಪರರ ಆರೋಪವೆನ್ನುವಂತಿಲ್ಲ. ಹೊಗಳಿಕೆ ಅತಿಯಾಯಿತೆಂದು 2025ರ ಏಪ್ರಿಲಿನಲ್ಲಿ ಓಪನ್‌ಎಐ ಸಂಸ್ಥೆಯೇ ತನ್ನ ಜಿಪಿಟಿ-4ಒ ಮಾದರಿಯ ಹೊಸ ಪರಿಷ್ಕರಣೆಯನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಇನ್ನು ಯಂತ್ರ ಓದಿದ್ದರಲ್ಲಿ ಬಹುಪಾಲು ಇಂಗ್ಲಿಷು. ಅಮೆರಿಕದ ಮನೆಗೋಡೆಗಳ ಒಳಗೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬವಿರುತ್ತದೆ. ಆದ್ದರಿಂದ ಶೆಲ್ಫು ಹೊಡೆಯುವ ಮುನ್ನ ಗೋಡೆ ತಟ್ಟಿ ಕಂಬ ಹುಡುಕಿ ಎಂಬ ಉಪದೇಶ ಬಂದರೆ ಅಚ್ಚರಿಯಿಲ್ಲ. ನಮ್ಮ ಇಟ್ಟಿಗೆ ಗೋಡೆಯನ್ನು ಸಂಜೆಯವರೆಗೆ ತಟ್ಟಿದರೂ ಸಿಗುವುದು ಪಕ್ಕದ ಮನೆಯವರ ಪ್ರತ್ಯುತ್ತರ ಮಾತ್ರ.

ಮೇಸ್ತ್ರಿಯ ಪ್ರಮಾಣವಿಧಾನ ಬೇರೆ. ಸುತ್ತಿಗೆಯ ಹಿಂಬದಿಯಿಂದ ಎರಡು ಏಟು ಕೊಡುತ್ತಾನೆ, ಬಾಗಿಲ ಸಂದಿಗೆ ಗೇಣು ಹಾಕಿ ಗೋಡೆ ನಾಲ್ಕೂವರೆ ಇಂಚಿನದೋ 9 ಇಂಚಿನದೋ ನೋಡುತ್ತಾನೆ, ತಲೆಯೆತ್ತಿ ಬೀಮು ಹುಡುಕುತ್ತಾನೆ. ಆಮೇಲೆ, ‘ಆಗಲ್ಲ ಸಾರ್, ಮೋಲ್ಡು ಇದರ ಮೇಲೇ ಕೂತದೆ.’ ಭಾಷ್ಯ ಅಷ್ಟೇ.

ಪೂರ್ವಪಕ್ಷಿಗಳು ಹೇಳುತ್ತಾರೆ: ಯಂತ್ರವೂ ಎಚ್ಚರಿಸುತ್ತದೆ, ಕೊನೆಗೆ ‘ಇಂಜಿನಿಯರನ್ನು ಸಂಪರ್ಕಿಸಿ’ ಎಂದಿರುತ್ತದಲ್ಲ? ಇರುತ್ತದೆ. ಕ್ಯಾಲೆಂಡರಿಗೆ ಮೊಳೆ ಹೊಡೆಯುವ ಪ್ರಶ್ನೆಗೂ ‘ತಜ್ಞರನ್ನು ಕೇಳಿ’ ಎನ್ನುವವರು ಸೂರು ಕುಸಿಯುವ ಪ್ರಶ್ನೆಗೂ ಅದನ್ನೇ ಅಂದರೆ ಕಿವಿಗೊಡುವವರಾರು? ಲೆಕ್ಕದಲ್ಲಿ ಮಾತ್ರ ಯಂತ್ರಕ್ಕೆ ಮನ್ನಣೆ ಸಲ್ಲಬೇಕು. 10ಕ್ಕೆ 8 ಅಡಿ ಅಡುಗೆಮನೆಗೆ ಎರಡಡಿ ಚೌಕದ ಟೈಲ್ಸು 20, ವೇಸ್ಟೇಜು ಶೇ. 10 ಸೇರಿಸಿ 22, ನಾಲ್ಕರ ಬಾಕ್ಸಾದರೆ ಆರು ಬಾಕ್ಸು ಎಂದು ಕ್ಷಣದಲ್ಲಿ ಹೇಳುತ್ತದೆ. ಆದರೆ ಟೈಲ್ಸ್ ಅಂಗಡಿಯ ಹುಡುಗ ಇದನ್ನು ಪೆನ್ನಿಲ್ಲದೆ ಹೇಳುತ್ತಾನೆ.

ಬಲವಾದ ಆಕ್ಷೇಪ ಇನ್ನೊಂದಿದೆ. ಮೇಸ್ತ್ರಿಗಳು ಸೋಮಾರಿತನಕ್ಕೂ ‘ಆಗಲ್ಲ’ ಎನ್ನುತ್ತಾರೆ. ಒಪ್ಪಬೇಕಾದ ಮಾತೇ. ಆದುದರಿಂದಲೇ ‘ಆಗಲ್ಲ’ವನ್ನು ದ್ರವ್ಯಸಾಧ್ಯ, ದ್ರವ್ಯಾತೀತ ಎಂದು ವಿಂಗಡಿಸಬೇಕಾಗುತ್ತದೆ. ಕೂಲಿ ಏರಿಸಿದೊಡನೆ ‘ನೋಡನ ಬುಡಿ ಸಾರ್’ ಆಗುವುದು ಮೊದಲನೆಯದು. ಎಷ್ಟೇ ಏರಿಸಿದರೂ ಕರಗದೆ, ‘ಬೇರೆಯವರ್ನ ನೋಡ್ಕಳಿ’ ಎಂದು ಮೇಸ್ತ್ರಿ ಸ್ಕೂಟರ್ ಹತ್ತಿದರೆ ಆ ಗೋಡೆಯ ಮೇಲೆ ನಿಜಕ್ಕೂ ಮನೆ ನಿಂತಿದೆಯೆಂದು ತಿಳಿಯಬೇಕು. ಯಂತ್ರಕ್ಕೆ ಈ ಪರೀಕ್ಷೆ ಒಡ್ಡುವುದು ಹೇಗೆ? ತಿಂಗಳ ಚಂದಾ ಕಟ್ಟಿದವನಿಗೂ ಕಟ್ಟದವನಿಗೂ ಅದರ ಸಮ್ಮತಿ ಒಂದೇ.

ಹಾಗಾದರೆ ‘ನನ್ನನ್ನು ಹೊಗಳಬೇಡ, ಖಂಡಿಸು’ ಎಂದು ಮೊದಲೇ ಅಪ್ಪಣೆ ಕೊಟ್ಟರಾಯಿತಲ್ಲ ಎಂಬುದು ನವೀನರ ಕೊನೆಯ ಅಸ್ತ್ರ. ಕೊಟ್ಟು ನೋಡಬಹುದು. ‘ಅತ್ಯುತ್ತಮ ನಿರ್ಧಾರ! ಇನ್ನುಮುಂದೆ ನಿಷ್ಠುರವಾಗಿರುತ್ತೇನೆ’ ಎಂದು ಶುರುಮಾಡಿ, ಸಿಂಕಿನ ಕೆಳಗೆ ಕಸದ ಡಬ್ಬಿ ಇಡುವ ನಿರಪರಾಧಿ ಯೋಜನೆಗೂ ಏಳು ದೋಷ ಕಂಡುಹಿಡಿದೀತು. ಅದಕ್ಕೆ ನೊಂದು ಯಜಮಾನರು ‘ಇಷ್ಟು ಕಟುವಾಗಬೇಡ’ ಎಂದರೋ, ಗೋಡೆ ಮತ್ತೆ ಬಿತ್ತು.