ತೊಟ್ಟಿಲ ಮೀಮಾಂಸೆ: ಬೈಲಹೊಂಗಲ ಉಪವಿಭಾಗದ ತಂದೆತಾಯಿಗಳ ವಿಶ್ರಾಂತಿಯನ್ನು ಕುರಿತು

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ಈ ಗ್ರಂಥಕ್ಕೆ ಅಧಿಕಾರಿ ಎಂದರೆ ರಾತ್ರಿ ಮೂರಕ್ಕೆ ಹೆಗಲ ಮೇಲೆ ಕೂಸು ಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾಡುತ್ತಿರುವವರು. ವಿಷಯ, ನಿದ್ದೆ. ಇವೆರಡಕ್ಕೂ ಸದ್ಯ ಯಾವ ಸಂಬಂಧವೂ ಇಲ್ಲ. ಪ್ರಯೋಜನವೂ ಅಷ್ಟಕ್ಕಷ್ಟೇ: ಓದಲು ಬಿಡುವಿದ್ದವರಿಗೆ ಇದು ಬೇಕಿಲ್ಲ, ಬೇಕಾದವರಿಗೆ ಓದಲು ಬಿಡುವಿಲ್ಲ.

ಅಧ್ಯಯನದ ಎಲ್ಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲೂಕು. ಸವದತ್ತಿಯಿಂದ ಬೇರೆಯಾದ ಯರಗಟ್ಟಿಯನ್ನು ಪ್ರತ್ಯೇಕ ಎಣಿಸಿಲ್ಲ. ಬೇರೆ ಮನೆ ಮಾಡಿ ಇನ್ನೂ ಬಹಳ ವರ್ಷವಾಗಿಲ್ಲ, ಊಟಕ್ಕೆ ಹಳೆಯ ಮನೆಗೇ ಬರುತ್ತಿರಬಹುದು.

ಮೊದಲು ಪೂರ್ವಪಕ್ಷ. ಹುಟ್ಟಿದ ಕೂಸು ಮೊದಲ ಮೂರು ತಿಂಗಳು ದಿನಕ್ಕೆ 14ರಿಂದ 17 ತಾಸು ಮಲಗುತ್ತದೆ ಎನ್ನುತ್ತಾರೆ ವೈದ್ಯರು. ಹಾಗಾದರೆ ತಂದೆತಾಯಿಗಳಿಗೆ ದಿನಕ್ಕೆ ಕನಿಷ್ಠ 14 ತಾಸು ರಜೆ. ಆ ತಾಸುಗಳು ಯಾವ ತಾಲೂಕಿನಲ್ಲಿ ಕಂಡುಬಂದಿವೆ ಎಂಬುದನ್ನು ವೈದ್ಯರು ತಿಳಿಸಿಲ್ಲ. ಮೋಸವಿರುವುದು ಒಟ್ಟು ಮೊತ್ತದಲ್ಲಲ್ಲ, ಪಾವತಿಯಲ್ಲಿ. ಹಸುಗೂಸಿನ ಹೊಟ್ಟೆ ಸಣ್ಣದು, ಎರಡು ಮೂರು ತಾಸಿಗೊಮ್ಮೆ ಹಸಿಯುತ್ತದೆ. ಹಗಲು ಯಾವುದು ರಾತ್ರಿ ಯಾವುದು ಎಂಬ ಗೊತ್ತು ಅದಕ್ಕಿನ್ನೂ ಹುಟ್ಟಿರುವುದಿಲ್ಲ. ಹೀಗಾಗಿ ಅದು ಪೂರ್ತಿ ಸಾಲವನ್ನು ಚಿಲ್ಲರೆ ಕಾಸಿನಲ್ಲೇ ತೀರಿಸುತ್ತದೆ. ಎಣಿಸಿಕೊಳ್ಳುವಷ್ಟರಲ್ಲಿ ಬೆಳಗಾಗಿರುತ್ತದೆ.

ಇನ್ನು ಪ್ರಮಾಣ ವಿಚಾರ. ಗ್ರಂಥದ ಕಠಿಣ ಭಾಗವಿದು. ‘ಕೂಸು ಮಲಗಿದೆ’ ಎಂಬ ಜ್ಞಾನ ಹುಟ್ಟುವುದು ಹೇಗೆ? ಪ್ರತ್ಯಕ್ಷದಿಂದ ಎನ್ನುವಂತಿಲ್ಲ. ಕಣ್ಣಾರೆ ನೋಡಬೇಕೆಂದರೆ ಕದ ತೆರೆಯಬೇಕು, ತೆರೆದರೆ ಕದ ಕಿರ್ರೆನ್ನುತ್ತದೆ, ಕಿರ್ರೆಂದರೆ ಕೂಸು ಎದ್ದಿರುತ್ತದೆ. ನೋಡಹೋದ ಕ್ರಿಯೆಯೇ ನೋಡಬೇಕಾದ್ದನ್ನು ನುಂಗಿತು. ಸರಿ, ಅನುಮಾನ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿ ಸಪ್ಪಳವಿಲ್ಲವೋ ಅಲ್ಲಿ ನಿದ್ದೆ. ತಾರ್ಕಿಕರು ಇದನ್ನು ಹೇತ್ವಾಭಾಸವೆಂದು ಎತ್ತಿ ಎಸೆಯುತ್ತಾರೆ. ಏಕೆಂದರೆ ಎರಡು ತುಂಬಿದ ಮಗು ಅತ್ಯಂತ ನಿಶ್ಶಬ್ದವಾಗಿರುವುದು ಶೇಂಗಾ ಹಿಂಡಿಯ ಡಬ್ಬಿಯನ್ನು ದೇವರ ಜಗಲಿಯ ಮೇಲೆ ಬೋರಲು ಹಾಕುವ ಹೊತ್ತಿನಲ್ಲಿ. ಉಪಮಾನವೆಂಬ ಪ್ರಮಾಣವೂ ಉಂಟು: “ನಮ್ಮ ಅಕ್ಕನ ಕೂಸು ಹುಟ್ಟಿದಾಗಿಂದ ರಾತ್ರಿ ಒಂದ್ಸಲಾನೂ ಎದ್ದಿಲ್ಲ ನೋಡ್ರಿ.” ಇದರಿಂದ ಜ್ಞಾನ ಹುಟ್ಟುವುದಿಲ್ಲ, ವೈರ ಹುಟ್ಟುತ್ತದೆ. ಉಳಿದದ್ದು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ಅದರ ಸ್ವರೂಪ ಹೀಗಿದೆ:

“ಏನ್ರಿ, ಕೂಸು ಎದ್ದೈತೇನು ನೋಡ್ರಿ.”

“ನಾ ಮಲಗೇನಿ.”

ಮಲಗಿದವನೇ ತಾನು ಮಲಗಿರುವುದಾಗಿ ಸಾರುವ ಈ ವಾಕ್ಯದಲ್ಲಿ ವದತೋವ್ಯಾಘಾತ ದೋಷವಿದೆ. ಆದರೂ ನಾಲ್ಕೂ ತಾಲೂಕುಗಳಲ್ಲಿ ಇದು ತಲೆಮಾರುಗಳಿಂದ ಮಾನ್ಯವಾಗಿದೆ, ಮತ್ತು ಗಂಡಸರಿಗೆ ಮಾತ್ರ ಮಾನ್ಯವಾಗಿದೆ.

ವಿಘ್ನಗಳಲ್ಲಿ ಮುಖ್ಯವಾದದ್ದು ಕಬ್ಬು. ಕಾರ್ಖಾನೆಗಳು ನುರಿಸಲು ತೊಡಗಿದವೆಂದರೆ ಎರಡೆರಡು ಟ್ರೇಲರ್ ಹೇರಿಕೊಂಡ ಟ್ರ್ಯಾಕ್ಟರುಗಳು ನಡುರಾತ್ರಿಯಲ್ಲಿ ಊರು ದಾಟುತ್ತವೆ. ತಾನು ತೂಕಡಿಸಬಾರದೆಂದು ಚಾಲಕ ದೊಡ್ಡದಾಗಿ ಹಾಡು ಹಚ್ಚಿರುತ್ತಾನೆ. ಅವನೊಬ್ಬನ ಎಚ್ಚರ ಊರಿಗೆಲ್ಲ ಹಂಚಿಕೆಯಾಗುತ್ತದೆ. ಅವನ ಮನೆಯಲ್ಲೂ ಒಂದು ಕೂಸಿದ್ದು, ಆ ಓಣಿಯಲ್ಲಿ ಅದೇ ಹೊತ್ತಿಗೆ ಇನ್ನೊಬ್ಬನ ಟ್ರ್ಯಾಕ್ಟರ್ ಹಾಯುತ್ತಿರುತ್ತದೆ ಎಂಬುದೊಂದೇ ಸಮಾಧಾನ.

ಕಾನೂನಿನ ರಕ್ಷಣೆ ಇದೆಯೇ ಎಂದು ಹುಡುಕಿದೆವು. ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿ ಎನಿಸಿಕೊಂಡು ರಟ್ಟರ ರಾಜಧಾನಿಯಾಗಿದ್ದ ಊರು. ಹಳೆಯ ದಾನಶಾಸನಗಳ ಕೊನೆಗೆ, ಕೊಟ್ಟ ಭೂಮಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರಲಿ ಎಂಬ ಶಾಪ ಇರುವುದುಂಟು. ಮತ್ತರು ಭೂಮಿಗೆ ಇಷ್ಟು ಬಂದೋಬಸ್ತಿದ್ದ ನಾಡಿನಲ್ಲಿ ಮಲಗಿದ ಕೂಸಿಗೆ ಒಂದು ಸಾಲೂ ಇಲ್ಲ. ಕೊರತೆ ತುಂಬಲು ನಾವೇ ಕರಡು ಸಿದ್ಧಪಡಿಸಿದ್ದೇವೆ: ‘ಮಲಗಿದ ಕೂಸನೆಬ್ಬಿಸಿದಾತಂ ವಾರಣಾಸಿಯೊಳ್ ಸಾಸಿರ ಕವಿಲೆಯಂ ಕೊಂದ ಪಾತಕನಕ್ಕುಂ. ಆ ಕೂಸಂ ಮತ್ತಾತನೆ ಮಲಗಿಸುವುದು.’ ಊರಲ್ಲಿ ಓದಿ ಹೇಳಿದಾಗ ಮೊದಲ ವಾಕ್ಯಕ್ಕೆ ಯಾರೂ ಹೆದರಲಿಲ್ಲ. ಎರಡನೆಯದಕ್ಕೆ ಇಬ್ಬರು ನೆಂಟರು ಎದ್ದು ಹೋದರು.

ಈಗ ಸಿದ್ಧಾಂತ. ಎಲ್ಲಮ್ಮನ ಗುಡ್ಡದ ಕಥೆ ಈ ಸೀಮೆಯಲ್ಲಿ ಕೂಸಿಗೂ ಗೊತ್ತು. ಎಲ್ಲಮ್ಮನೆಂದರೆ ರೇಣುಕೆ; ಆಕೆ ದಿನ ಬೆಳಗಾದರೆ ಹೊಳೆಗೆ ಹೋಗಿ, ಉಸುಕಿನಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬಿ ಸುತ್ತಿ ನೀರು ತರುತ್ತಿದ್ದಳು. ಒಂದು ದಿನ ನೀರಾಟವಾಡುತ್ತಿದ್ದ ಗಂಧರ್ವರನ್ನು ನೋಡುತ್ತ ನಿಂತಳು. ಕೊಡ ಕಟ್ಟಲಿಲ್ಲ, ಹೊತ್ತಾಯಿತು. ಮುಂದಿನದು ಜಮದಗ್ನಿಯ ಸಿಟ್ಟು, ಪರಶುರಾಮನ ಕೊಡಲಿ. ಪಂಡಿತರು ಇದರಲ್ಲಿ ಪಾತಿವ್ರತ್ಯವನ್ನೂ ಪಿತೃವಾಕ್ಯವನ್ನೂ ಕಂಡಿದ್ದಾರೆ. ಆಕೆ ಐದು ಗಂಡುಮಕ್ಕಳ ತಾಯಿ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿಲ್ಲ. ಐದು ಮಕ್ಕಳ ತಾಯಿ ಹೊಳೆದಂಡೆಯಲ್ಲಿ ಒಂದು ಗಳಿಗೆ ಸುಮ್ಮನೆ ನಿಂತಳು, ನಿಂತದ್ದಕ್ಕೆ ನೆಪ ಇಟ್ಟುಕೊಂಡಿರಲಿಲ್ಲ. ತಪ್ಪಾದದ್ದು ಅಲ್ಲಿ. ‘ಕೊಡ ತೊಳೀತಿದ್ದೆ’ ಎಂದಿದ್ದರೆ ಪುರಾಣ ಅಲ್ಲಿಗೇ ಮುಗಿಯುತ್ತಿತ್ತು. ಉಸುಕಿನ ಕೊಡವನ್ನು ತೊಳೆಯಲು ಬರುವುದಿಲ್ಲ ಎಂಬ ಆಕ್ಷೇಪವನ್ನು ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು.

ಆದ್ದರಿಂದ ಸೂತ್ರ: ನೆಪವಿಲ್ಲದ ವಿಶ್ರಾಂತಿಗೆ ತಲೆದಂಡ. ಅಂದಿನಿಂದ ಈ ನಾಡಿನಲ್ಲಿ ವಿಶ್ರಾಂತಿ ವೇಷ ಹಾಕಿಕೊಂಡೇ ಬರುತ್ತದೆ. ಸೊಸೆ “ಸುಸ್ತಾಗೈತ್ರಿ ಅತ್ತಿ” ಎಂದರೆ ಅತ್ತೆಯ ಹುಬ್ಬು ಏರುತ್ತದೆ. “ಎಲ್ಲವ್ವಗ ಹರಕಿ ಐತ್ರಿ” ಎಂದರೆ ಅದೇ ಅತ್ತೆ ಬುತ್ತಿ ಕಟ್ಟುತ್ತಾಳೆ. ಭಾರತ ಹುಣ್ಣಿಮೆಗೆ ಗುಡ್ಡದ ಮೇಲೆ ಕೂಸು ಚಿಗವ್ವನ ಮಡಿಲಿನಿಂದ ದೊಡ್ಡವ್ವನ ಮಡಿಲಿಗೆ, ಅಲ್ಲಿಂದ ಗುರುತಿಲ್ಲದ ಯಾರದೋ ಮಡಿಲಿಗೆ ದಾಟುತ್ತ ಹೋಗುತ್ತದೆ. ಹೆತ್ತವಳು ಜೋಗುಳಬಾವಿಯ ಕಡೆ ಕಾಲು ಚಾಚಿ ಕೂತು ಉಧೋ ಎನ್ನುತ್ತಾಳೆ. ತಾಯಿಯೊಬ್ಬಳು ತಡಮಾಡಿದ್ದಕ್ಕೆ ದಂಡ ತೆತ್ತ ಸೀಮೆಯಲ್ಲಿ, ತಡಮಾಡಲೆಂದೇ ಹೆಂಗಸರು ಅವಳ ಗುಡಿಗೆ ಬರುತ್ತಾರೆ. ಗಂಡಸರ ವೇಷ ಬೇರೆ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟ್ ಬಂದಿತೆಂದು ಹೊಲಕ್ಕೆ ನೀರು ಹಾಯಿಸಲು ಹೋಗುವವರು ಮೋಟಾರು ಚಾಲೂ ಮಾಡಿ ಹೊರಸಿನ ಮೇಲೆ ಒರಗುತ್ತಾರೆ. ಮಳೆ ಸುರಿದ ರಾತ್ರಿಯೂ ನೀರು ಹಾಯಿಸಲು ಹೊರಟವರ ಮನೆಯಲ್ಲಿ ಅವಳಿ ಮಕ್ಕಳಿರುವುದನ್ನು ಗಮನಿಸಬೇಕು. ಅಷ್ಟೇಕೆ, ಮಲಪ್ರಭೆಯೇ ಕಣಕುಂಬಿಯಿಂದ ಓಡೋಡಿ ಬಂದವಳು ಸವದತ್ತಿ ಸಮೀಪ ನವಿಲುತೀರ್ಥದಲ್ಲಿ ಮೈಚೆಲ್ಲಿ ನಿಲ್ಲುತ್ತಾಳೆ. ಕೇಳಿದರೆ ನೀರಾವರಿ ಎನ್ನುತ್ತಾಳೆ.

“ನನಗ ಕೂಸು ಹಿಡಿಯಾಕ ಬರೂದಿಲ್ಲ” ಎಂಬ ಗಂಡಸರ ವಾದಕ್ಕೆ ಉತ್ತರ ಬೈಲಹೊಂಗಲ ತಾಲೂಕಿನಲ್ಲಿಯೇ ಇದೆ. ಬೆಳವಡಿಯ ಮಲ್ಲಮ್ಮ ಶಿವಾಜಿಯ ಸೈನ್ಯದ ಎದುರು ಕತ್ತಿ ಹಿಡಿದವಳು. ಧಾರವಾಡದ ಹತ್ತಿರದ ಯಾದವಾಡದ ಶಿಲ್ಪದಲ್ಲಿ ಅವಳ ಕೂಸು ಶಿವಾಜಿಯ ತೊಡೆಯ ಮೇಲಿದೆ ಎನ್ನುತ್ತಾರೆ ಜನ. ಕೋಟೆಗಳನ್ನೇ ಹಿಡಿದ ಕೈ ವೈರಿಯ ಮನೆಯ ಕೂಸನ್ನೂ ಹಿಡಿಯಿತೆಂದ ಮೇಲೆ, ಸ್ವಂತ ಕೂಸನ್ನು ರೊಟ್ಟಿ ಬಡಿದು ಮುಗಿಯುವವರೆಗೆ ಹಿಡಿಯಲಾರೆನೆಂಬ ವಾದ ನಿಲ್ಲುವುದಿಲ್ಲ.

ಕಿತ್ತೂರಿನ ಕೊಡುಗೆ ವೇಷಕ್ಕೆ ಸಂಬಂಧಿಸಿದ್ದು. ದತ್ತಕವನ್ನು ಕಂಪನಿ ಸರಕಾರ ಒಪ್ಪದ್ದಕ್ಕೆ, ಅಂದರೆ ಒಂದು ಮಗುವಿನ ಪ್ರಶ್ನೆಗೇ, ಸಂಸ್ಥಾನವೊಂದು ಯುದ್ಧಕ್ಕಿಳಿದ ಊರು ಇದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಇಲ್ಲಿ ಜೀವ ಬಿಟ್ಟ. ಪ್ರತಿ ಅಕ್ಟೋಬರಿನಲ್ಲಿ ಉತ್ಸವ ಬಂದಾಗ ಮನೆಮನೆಯಲ್ಲೂ ಒಬ್ಬ ಚೆನ್ನಮ್ಮ ಸಿದ್ಧಳಾಗುತ್ತಾಳೆ: ಇಳಕಲ್ ಸೀರೆಯ ಕಚ್ಚೆ, ರಟ್ಟಿನ ಕತ್ತಿ, ಹಾಲಿನ ಹಲ್ಲು. ಕಪ್ಪ ಕೊಡಲೊಲ್ಲೆನೆಂಬ ಮಾತು ಅವಳಿಗೆ ಬಾಯಿಪಾಠ. ತೊಂದರೆ ಎಂದರೆ ಅದನ್ನು ಅವಳು ಹಾಲು, ಸ್ನಾನ, ಹೋಂವರ್ಕುಗಳಿಗೂ ಅನ್ವಯಿಸುತ್ತಾಳೆ. ಥ್ಯಾಕರೆಯ ಪಾತ್ರ ಯಾವ ಮಗುವಿಗೂ ಬೇಡ, ಆದ್ದರಿಂದ ಅದು ಅಪ್ಪನಿಗೆ. ಪಾಪ ಎನ್ನಬೇಡಿ. ಹಾಡುಹಗಲು ಪಡಸಾಲೆಯ ನಡುವೆ ಕಣ್ಣುಮುಚ್ಚಿ ಅಂಗಾತ ಬಿದ್ದುಕೊಳ್ಳಲು ಅನುಮತಿಯಿರುವ ಪಾತ್ರ ಅದೊಂದೇ. “ಏಳಬ್ಯಾಡಪ್ಪಾ, ಥ್ಯಾಕರೆ ಸತ್ತಾನ!” ಎಂದು ಕಾವಲು ಕಾಯುವವಳೂ ಅವಳೇ. ಹೆಂಡತಿ ಸಂತೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತರೂ ಇತಿಹಾಸವನ್ನು ತಿದ್ದಲಾಗುವುದಿಲ್ಲ. ಉಪವಿಭಾಗದಲ್ಲಿ ನಾವು ಕಂಡ ಅತ್ಯಂತ ಸುಭದ್ರ ನಿದ್ದೆ ಇದು.

ರಾಮದುರ್ಗದ್ದು ವಿಚಿತ್ರ. ನೇಕಾರರ ಓಣಿಯಲ್ಲಿ ಕೂಸುಗಳು ಮಗ್ಗದ ಖಟಖಟಕ್ಕೇ ಮಲಗುತ್ತವೆ. ಕರೆಂಟ್ ಹೋಗಿ ಮಗ್ಗ ನಿಂತವೋ, ನಿಶ್ಶಬ್ದಕ್ಕೆ ಬೆಚ್ಚಿ ಓಣಿ ಪೂರ್ತಿ ಒಟ್ಟಿಗೆ ಅಳುತ್ತದೆ. ಮೇಲೆ ಹೇಳಿದ ಅನುಮಾನಪ್ರಮಾಣಕ್ಕೆ ಬಿದ್ದ ಕೊನೆಯ ಪೆಟ್ಟು ಇದು. ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ತಾನು ಕಚ್ಚಿ ನೋಡಿದ ಹಣ್ಣನ್ನು ರಾಮನಿಗೆ ಕೊಟ್ಟಳು. ಈಗ ಮಕ್ಕಳು ಕಚ್ಚಿ ಬಿಟ್ಟದ್ದನ್ನು ದೊಡ್ಡವರು ತಿನ್ನುತ್ತಾರೆ. ಅವರ ರಾತ್ರಿಯೂಟ ಬಹುಪಾಲು ಇದೇ.

ಇಷ್ಟಕ್ಕೂ ಒಂದು ಆಕ್ಷೇಪ ಉಳಿಯುತ್ತದೆ. ನಾಗರಪಂಚಮಿಗೆ ಅಣ್ಣ ಬಂದು ಕರೆದೊಯ್ಯುತ್ತಾನೆ. ವರ್ಷವಿಡೀ ತೊಟ್ಟಿಲು ತೂಗಿದವಳು ತವರಿನಲ್ಲಿ ಜೋಕಾಲಿ ಏರಿ ತಾನೇ ತೂಗಿಸಿಕೊಳ್ಳುತ್ತಾಳೆ, ಉಂಡಿ ತಿನ್ನುತ್ತಾಳೆ, ಮಧ್ಯಾಹ್ನ ಮಲಗುತ್ತಾಳೆ. ಆಗ ಕೂಸು ಯಾರ ಹತ್ತಿರ? ಅವ್ವನ ಹತ್ತಿರ. ಹಾಗಾದರೆ ಅವ್ವನ ವಿಶ್ರಾಂತಿ? ಐದಾರು ಮಕ್ಕಳನ್ನು ಬೆಳೆಸಿ, ಮೊಮ್ಮಕ್ಕಳ ಪಾಳಿಗೆ ಬಂದ ಈ ಮುದುಕಿಯ ಬಳಿ ಹರಕೆಯೂ ಮುಗಿದಿದೆ, ತವರೂ ಮುಗಿದಿದೆ. ಇಲ್ಲಿ ಸಿದ್ಧಾಂತ ಮುರಿಯಬೇಕಿತ್ತು. ಮುರಿಯಲಿಲ್ಲ. ಶ್ರಾವಣದಲ್ಲಿ ಸಂಜೆಯಾದರೆ ಮಠದಲ್ಲಿ ಪುರಾಣ. ಅವ್ವ ಕೂಸನ್ನು ಮಗಳ ಮಡಿಲಿಗಿಟ್ಟು, ವಿಭೂತಿ ಹಚ್ಚಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಾಳೆ. ಪೀಠಿಕೆ ಮುಗಿಯುವುದರೊಳಗೆ ಕಣ್ಣು ಮುಚ್ಚಿರುತ್ತದೆ. ನೋಡಿದವರು ಧ್ಯಾನ ಎನ್ನುತ್ತಾರೆ. ಮಂಗಳಾರತಿಯ ಗಂಟೆಗೆ ಎದ್ದು, ಪ್ರಸಾದ ಕಟ್ಟಿಕೊಂಡು ಮನೆಗೆ ಬರುತ್ತಾಳೆ.

“ಇವತ್ತ ಸ್ವಾಮಿಗೋಳು ಏನ್ ಹೇಳಿದ್ರಬೇ?”

“ಭಾಳ ಛಲೋ ಹೇಳಿದ್ರು. ನಾಳೇನೂ ಹೋಗಾಕಿ ನಾ.”