ಅಟ್ಟ ಮೇಲೆ ಉರಿಯುವ ಒಲೆ

ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ವರ್ಲ್ಡ್ ಸೀರೀಸ್ ಮುಗಿಯುತ್ತದೆ. ಗೆದ್ದವರು ಶಾಂಪೇನ್ ಎರಚಾಡಿಕೊಂಡು ಮನೆಗೆ ಹೋಗುತ್ತಾರೆ, ಸೋತವರು ಸುಮ್ಮನೆ ಹೋಗುತ್ತಾರೆ. ಬೇಸ್‌ಬಾಲ್ ಈ ವರ್ಷಕ್ಕೆ ಮುಗಿಯಿತು ಎಂದು ಸಾಮಾನ್ಯರು ಅಂದುಕೊಳ್ಳುವುದು ಆಗಲೇ. ಬಾಸ್ಟನ್ ಸೀಮೆಯ ಒಂದು ಜಾತಿಯ ಮನುಷ್ಯನಿಗೆ ಮಾತ್ರ ಆಟ ಶುರುವಾಗುವುದೇ ಅವತ್ತು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಡೆಯುವ 162 ಪಂದ್ಯಗಳು ಅವನ ಲೆಕ್ಕದಲ್ಲಿ ಬರೀ ಪೀಠಿಕೆ.

ಇವನನ್ನು ಗುರುತಿಸುವುದು ಕಷ್ಟವಲ್ಲ. ಜನವರಿಯ ಕೊರೆಯುವ ಚಳಿಯಲ್ಲಿ ಡಂಕಿನ್ ಅಂಗಡಿಯ ಬಾಗಿಲಲ್ಲಿ ಐಸ್ ಕಾಫಿ ಹಿಡಿದು ನಿಂತಿರುತ್ತಾನೆ. (ಇದು ನ್ಯೂ ಇಂಗ್ಲೆಂಡಿನ ಊರೊಟ್ಟಿನ ಕಾಯಿಲೆ, ಇದಕ್ಕೂ ಬೇಸ್‌ಬಾಲಿಗೂ ಸಂಬಂಧವಿಲ್ಲ.) ತಲೆ ಮೇಲೆ ಬಾಸ್ಟನ್ ತಂಡವಾದ ರೆಡ್ ಸಾಕ್ಸ್‌ನ ಬಣ್ಣ ಮಾಸಿದ ಟೋಪಿ. ಮೈಮೇಲೆ, ತಂಡ ಬಿಟ್ಟುಹೋದ ಯಾರಾದರೂ ಆಟಗಾರನ ಜರ್ಸಿ. ಈಗ ತಂಡದಲ್ಲಿ ಇರುವವರ ಜರ್ಸಿ ಹಾಕಿಕೊಳ್ಳುವುದು ಚಿಕ್ಕ ಮಕ್ಕಳ ಲಕ್ಷಣ. 50ನೇ ನಂಬರಿನ ಮೂಕಿ ಬೆಟ್ಸ್ ಜರ್ಸಿ ಹಾಕಿದ್ದಾನೆ ಎಂದರೆ ಆತ ಅಭಿಮಾನಿಯಲ್ಲ, ಫಿರ್ಯಾದುದಾರ.

ನಮ್ಮ ಐಪಿಎಲ್ ಹರಾಜು ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಚಾಹಲ್‌ನನ್ನು ಯಾಕೆ ಬಿಟ್ಟರು ಎಂದು ಕೊರಗುವವರು ಆಮೇಲೆ ಎಷ್ಟು ವರ್ಷ ಬೇಕಾದರೂ ಕೊರಗಬಹುದು, ಆದರೆ ವ್ಯಾಪಾರ ಮಾತ್ರ ಒಂದೆರಡೇ ದಿನ. ಇಲ್ಲಿ ಹಾಗಲ್ಲ. ಕರಾರು ಮುಗಿದ ಆಟಗಾರರು ತಮಗೆ ಬೇಕಾದ ತಂಡದ ಜೊತೆ ಚೌಕಾಸಿ ಮಾಡುತ್ತಾ ಕೂರುತ್ತಾರೆ. ಕರಾರು ಇರುವವರನ್ನು ತಂಡಗಳು ಬಹುಪಾಲು ಒಂದು ಮಾತೂ ಕೇಳದೆ ಅದಲುಬದಲು ಮಾಡಿಕೊಳ್ಳುತ್ತವೆ. ಇದು ನವೆಂಬರ್‌ನಿಂದ ಫೆಬ್ರವರಿ ದಾಟಿ ನಡೆಯುತ್ತದೆ. ಹಿಂದೆ ಹಳ್ಳಿ ಅಂಗಡಿಯ ಒಲೆ ಸುತ್ತ ಕೂತು ಜನ ಇದನ್ನೇ ಹರಟುತ್ತಿದ್ದರಂತೆ, ಅದಕ್ಕೇ ಈ ಕಾಲಕ್ಕೆ ‘ಹಾಟ್ ಸ್ಟೋವ್’ ಎಂದು ಹೆಸರು. ಈಗ ಒಲೆ ಇಲ್ಲ, ಕಾವು ಹಾಗೇ ಇದೆ. 2023ರ ಡಿಸೆಂಬರ್ 8ರಂದು, ಕರಾರು ಮುಗಿದಿದ್ದ ತಾರೆ ಶೋಹೇ ಒಟಾನಿ ಟೊರಾಂಟೊ ತಂಡಕ್ಕೆ ಸಹಿ ಹಾಕಲು ವಿಮಾನ ಹತ್ತಿದ್ದಾನೆ ಎಂದು ಸುದ್ದಿ ಹಬ್ಬಿತು. ಈ ಜಾತಿಯ ಟೊರಾಂಟೊ ಶಾಖೆಯವರು ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಹೊರಟ ಒಂದು ಖಾಸಗಿ ವಿಮಾನವನ್ನು ಫೋನಿನ ನಕ್ಷೆಯಲ್ಲಿ ಇಂಚಿಂಚಾಗಿ ಹಿಂಬಾಲಿಸಿದರು. ವಿಮಾನ ಇಳಿಯಿತು. ಒಳಗಿದ್ದವರು ರಾಬರ್ಟ್ ಹರ್ಜಾವೆಕ್ ಎಂಬ ಕೆನಡಾದ ಉದ್ಯಮಿ. ಒಟಾನಿ ಮಾರನೆಯ ದಿನ ಹತ್ತು ವರ್ಷಕ್ಕೆ 70 ಕೋಟಿ ಡಾಲರಿಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ. ಅದರಲ್ಲಿ 68 ಕೋಟಿ ಆಮೇಲೆ ಕೊಟ್ಟರೆ ಸಾಕು ಎಂದನಂತೆ, ದೊಡ್ಡ ಮನಸ್ಸು.

ನಮ್ಮ ನಾಯಕನ ಮಾತಿನಲ್ಲಿ ಮೊದಲು ಕಿವಿಗೆ ಬೀಳುವುದು ‘ನಾವು’. ‘ನಾವು ಆ ಸ್ಟಾರ್ ಸೋಟೋಗೆ ಇನ್ನೂ ಜಾಸ್ತಿ ಕೊಟ್ಟು ತರಬೇಕಿತ್ತು’, ‘ನಮಗೆ ಚೆಂಡು ಎಸೆಯೋಕೆ ಒಬ್ಬ ಪಿಚ್ಚರ್ ಬೇಕು’, ‘ನಾವು ಲಗ್ಷುರಿ ಟ್ಯಾಕ್ಸಿಗೆ ಯಾಕೆ ಹೆದರಬೇಕು?’ 2025ರಲ್ಲಿ ಒಂದು ತಂಡದ ಸಂಬಳದ ಬಾಬ್ತು 24.1 ಕೋಟಿ ಡಾಲರ್ ದಾಟಿದರೆ ದಂಡ ಕಟ್ಟಬೇಕಿತ್ತು, ಲಗ್ಷುರಿ ಟ್ಯಾಕ್ಸ್ ಅಂದರೆ ಅದು. ‘ಕಟ್ಟಿ ಬಿಸಾಕೋಣ!’ ಎನ್ನುತ್ತಾನೆ ಈತ, ಕಾಫಿಯ ಮೇಲೆ ಐವತ್ತು ಸೆಂಟ್ಸ್ ಉಳಿಸುವ ಕೂಪನ್ನನ್ನು ಜೇಬಿನಲ್ಲಿ ತಡಕುತ್ತಾ.

ಈ ಜಾತಿಯ ಒಬ್ಬನನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೆ ನಮ್ಮ ಮನೆಯ ಬಾಯ್ಲರ್ ಕೆಟ್ಟಾಗ ಒದಗಿತು. ನೆಲಮಾಳಿಗೆಗೆ ಇಳಿದ ಮೆಕ್ಯಾನಿಕ್ ಟಾರ್ಚ್ ಹಾಕಿ ಪೈಪುಗಳನ್ನೆಲ್ಲ ತಟ್ಟಿ ನೋಡಿದ. ಪಂಪು ಹೋಗಿರಬಹುದು, ಹೋಗದೆಯೂ ಇರಬಹುದು, ಬಿಚ್ಚಿ ನೋಡದೆ ಹೇಳಲಾಗದು ಎಂದ. ಅಷ್ಟರಲ್ಲಿ ಮೊಳೆಗೆ ನೇತುಹಾಕಿದ್ದ ಮಗನ ರೆಡ್ ಸಾಕ್ಸ್ ಟೋಪಿ ಅವನ ಕಣ್ಣಿಗೆ ಬಿತ್ತು. ಬಕೆಟ್ ಬೋರಲು ಹಾಕಿ ಕೂತ.

‘ಬೆಟ್ಸ್‌ನ ಕೊಟ್ಟಿದ್ದು ನೋಡಿದಿರಲ್ಲ?’

ಅದಾಗಿ ಎಷ್ಟೋ ವರ್ಷವಾಗಿತ್ತು. 2020ರ ಫೆಬ್ರವರಿಯಲ್ಲಿ ಬಾಸ್ಟನ್, ತನ್ನ ಅತ್ಯುತ್ತಮ ಆಟಗಾರ ಬೆಟ್ಸ್‌ನನ್ನೂ ಜೊತೆಗೆ ಡೇವಿಡ್ ಪ್ರೈಸ್‌ನನ್ನೂ ಡಾಡ್ಜರ್ಸ್‌ಗೆ ಕೊಟ್ಟು ಅಲೆಕ್ಸ್ ವರ್ಡೂಗೊ, ಕಾನರ್ ವಾಂಗ್, ಜೀಟರ್ ಡೌನ್ಸ್ ಎಂಬ ಮೂವರನ್ನು ತಂದಿತು. ಡಾಡ್ಜರ್ಸ್ ಆ ಜುಲೈನಲ್ಲೇ ಬೆಟ್ಸ್‌ಗೆ 12 ವರ್ಷಕ್ಕೆ 36.5 ಕೋಟಿ ಡಾಲರಿನ ಕರಾರು ಮಾಡಿಕೊಟ್ಟು, ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು. ಆಮೇಲೆ 2024ರಲ್ಲಿ, 2025ರಲ್ಲಿ ಮತ್ತೆ ಗೆದ್ದಿತು.

‘ಲಿವರ್‌ಪೂಲ್ ಫುಟ್‌ಬಾಲ್ ತಂಡ ಇಟ್ಕೊಳ್ಳೋಕೆ ದುಡ್ಡಿದೆ ಈ ಓನರ್‌ಗೆ, ಬೆಟ್ಸ್‌ಗೆ ಕೊಡೋಕೆ ಇರಲಿಲ್ಲ. ಸರಿ, ಕೊಟ್ರಪ್ಪ. ಪ್ರತಿಯಾಗಿ ಬಂದ ಹುಡುಗನ ಹೆಸರೇನು? ಜೀಟರ್! ಯಾಂಕೀಸ್ ಕ್ಯಾಪ್ಟನ್ ಹೆಸರು ಇಟ್ಕೊಂಡವನನ್ನ ಬಾಸ್ಟನ್ನಿಗೆ ತಂದ್ರು!’

ಪಾಪ, ಆ ಹುಡುಗನಿಗೆ ಬಾಸ್ಟನ್ನಿನ ಬದ್ಧವೈರಿ ಯಾಂಕೀಸ್ ತಂಡದ ಡೆರೆಕ್ ಜೀಟರ್ ಹೆಸರಿಟ್ಟವರು ಅವನ ಮನೆಯವರು, ರೆಡ್ ಸಾಕ್ಸ್ ಅಲ್ಲ. ಅವನು ಬಾಸ್ಟನ್ ಪರ ಆಡಿದ್ದು 14 ಪಂದ್ಯ. ಮೆಕ್ಯಾನಿಕ್ ಅದನ್ನೂ ಬೆರಳು ಮಡಚಿ ಎಣಿಸಿದ. ಕಣ್ಣೆದುರಿನ ಪಂಪಿನ ಬಗ್ಗೆ ಬಿಚ್ಚದೆ ಹೇಳಲಾರೆ ಎಂದವನು, ಇನ್ನೂ ಮೀಸೆ ಮೂಡದ ಹತ್ತೊಂಬತ್ತರ ಹುಡುಗರಲ್ಲಿ ಮುಂದೆ ಯಾರು ತಾರೆಯಾಗುತ್ತಾರೆ, ಯಾರು ಮಣ್ಣಾಗುತ್ತಾರೆ ಎಂಬುದನ್ನು ಬಿಚ್ಚದೆಯೇ ಹೇಳಿದ. ಬಿಲ್ಲು ಗಂಟೆ ಲೆಕ್ಕದ್ದು. ಅದರಲ್ಲಿ ಬೆಟ್ಸ್ ಪಾಲು ಎಷ್ಟು ಎಂದು ನಾನು ಕೇಳಲು ಹೋಗಲಿಲ್ಲ.

ಇವನನ್ನು ಪೂರಾ ತಲೆಕೆಟ್ಟವನೆಂದು ತಳ್ಳಿಹಾಕುವಂತೆಯೂ ಇಲ್ಲ. ಬಾಸ್ಟನ್ನಿನ ಮಾಲೀಕರು ತಲೆತಲಾಂತರದಿಂದ ಇವನ ವಾದಕ್ಕೆ ಸಾಕ್ಷ್ಯ ಒದಗಿಸುತ್ತಲೇ ಬಂದಿದ್ದಾರೆ. ನಾಟಕ ಆಡಿಸುವ ವೃತ್ತಿಯಲ್ಲಿದ್ದ ಹ್ಯಾರಿ ಫ್ರೇಜಿ ಎಂಬ ಮಾಲೀಕ ಬೇಬ್ ರೂತ್‌ನನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿದ ಸುದ್ದಿ ಹೊರಬಿದ್ದದ್ದು 1920ರ ಜನವರಿ 5ರಂದು. ಅಂದರೆ ಅದೂ ಚಳಿಗಾಲದ ವ್ಯಾಪಾರವೇ. 1918ರಲ್ಲಿ ಗೆದ್ದಿದ್ದ ಬಾಸ್ಟನ್ ಮತ್ತೆ ಗೆದ್ದದ್ದು 2004ರಲ್ಲಿ. ಎಂಬತ್ತಾರು ವರ್ಷ, ಅಜ್ಜ ಮೊಮ್ಮಗನಿಗೆ ಆಸ್ತಿಯ ಜೊತೆ ಈ ಗೊಣಗಾಟವನ್ನೂ ಬರೆದುಕೊಟ್ಟು ಕಣ್ಣು ಮುಚ್ಚಿದ. ಅಂಥ ಮನೆಯಲ್ಲಿ ಹುಟ್ಟಿದವನಿಗೆ ಜನವರಿಯಲ್ಲಿ ನೆಮ್ಮದಿಯಾಗಿರು ಎಂದರೆ ಹೇಗೆ?

ನನ್ನ ತಕರಾರು ಬೇರೆ. ಇವನ ಖಾತೆಯಲ್ಲಿ ಜಮಾ ಮಾತ್ರ ಇದೆ, ಖರ್ಚಿಲ್ಲ. 2002ರ ಡಿಸೆಂಬರ್‌ನಲ್ಲಿ ಮಿನೆಸೋಟ ತಂಡ ಡೇವಿಡ್ ಓರ್ಟೀಸ್‌ನನ್ನು ಬೇಡವೆಂದು ಬಿಟ್ಟುಬಿಟ್ಟಿತು. ಮುಂದಿನ ತಿಂಗಳು ಬಾಸ್ಟನ್ ಅವನನ್ನು 12.5 ಲಕ್ಷ ಡಾಲರಿಗೆ ಒಂದು ವರ್ಷದ ಮಟ್ಟಿಗೆ ತಂದಿತು. ಬೇಸ್‌ಬಾಲ್ ಬಜಾರಿನಲ್ಲಿ ಅದು ಚಿಲ್ಲರೆ ಕಾಸು. ಅವನೇ ಮುಂದೆ ‘ಬಿಗ್ ಪಾಪಿ’ಯಾಗಿ ಮೂರು ಕಿರೀಟ ತಂದುಕೊಟ್ಟ. ಅವನು ಬಂದ ದಿನವೇ ‘ಇವನೇ ನೋಡಿ’ ಎಂದಿದ್ದೆ ಎನ್ನುವವರನ್ನೆಲ್ಲ ಈಗ ಸೇರಿಸಿದರೆ ಫೆನ್‌ವೇ ಪಾರ್ಕ್ ಮೈದಾನ ಸಾಲುವುದಿಲ್ಲ.

ಹುಟ್ಟಾ ಭಕ್ತನಿಗಿಂತ ಮತಾಂತರವಾದವನ ಮಡಿ ಹೆಚ್ಚು ಎನ್ನುವುದು ಇಲ್ಲಿಯೂ ನಿಜ. ಬಾಸ್ಟನ್ನಿನ ಹೊರವಲಯದಲ್ಲಿ ಬಹಳ ವರ್ಷದಿಂದ ನೆಲೆಸಿರುವ ಹಾಸನದ ಕಡೆಯ ಒಬ್ಬರು ಹಿರಿಯರಿದ್ದಾರೆ, ಕನ್ನಡ ಕೂಟದ ಹುಡುಗರಿಗೆಲ್ಲ ಅಂಕಲ್. ಕ್ರಿಕೆಟ್ಟನ್ನು ಅವರು ಬಿಟ್ಟಿದ್ದಾರೆ, ಏಕೆಂದರೆ ಅಲ್ಲಿ ಗೊಣಗಲು ವರ್ಷಕ್ಕೆ ಒಂದೇ ಹರಾಜು. 2025ರ ಸಂಕ್ರಾಂತಿಗೆ ಶಾಲೆಯೊಂದರ ಕೆಫೆಟೀರಿಯಾದಲ್ಲಿ ಕೂಟದ ಊಟ. ಬೆಂಗಳೂರಿನಿಂದ ಆಗತಾನೆ ಬಂದಿದ್ದ ಹುಡುಗನೊಬ್ಬ ಪೊಂಗಲ್ ತಟ್ಟೆ ಹಿಡಿದು ಅವರ ಪಕ್ಕ ಕೂತು, ‘ಅಂಕಲ್, ಈ ಬೇಸ್‌ಬಾಲ್ ಟ್ರೇಡ್ ಅಂದ್ರೆ ಏನು?’ ಎಂದು ಕೇಳಿಬಿಟ್ಟ. ಉಳಿದವರೆಲ್ಲ ಮಜ್ಜಿಗೆ ನೆಪ ಮಾಡಿ ಎದ್ದೆವು, ಆದರೆ ಕೇಳಿಸುವಷ್ಟು ದೂರದಲ್ಲೇ ನಿಂತೆವು.

ಅಂಕಲ್ ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಸುರಿದರು. ನವಿಲಿನ ಆಕಾರದ ಸಕ್ಕರೆ ಅಚ್ಚೊಂದನ್ನು ಎತ್ತಿ ನಡುವೆ ಇಟ್ಟರು. ‘ನೋಡು ಮರಿ, ಇವನು ಕ್ರಿಸ್ ಸೇಲ್. ನಮ್ಮ ಪಿಚ್ಚರ್. ಬಂಗಾರದಂಥ ಎಡಗೈ.’ ಆಮೇಲೆ ಒಂದು ಕೊಬ್ಬರಿ ಚೂರು ಆರಿಸಿದರು. ‘ಇವನು ವಾನ್ ಗ್ರಿಸಮ್. ಅಟ್ಲಾಂಟಾ ಹುಡುಗ. 2023ರ ಡಿಸೆಂಬರ್‌ನಲ್ಲಿ ನಮ್ಮ ಬುದ್ಧಿವಂತರು ಏನು ಮಾಡಿದ್ರು?’ ನವಿಲು ಮೇಜಿನ ಆಚೆ ಬದಿಗೆ ಹೋಯಿತು, ಕೊಬ್ಬರಿ ಈಚೆಗೆ ಬಂತು. ‘2024ರಲ್ಲಿ ಅಲ್ಲಿ ಹೋಗಿ 18 ಪಂದ್ಯ ಗೆದ್ದು ಸೈ ಯಂಗ್ ಪ್ರಶಸ್ತಿ ಹೊಡ್ಕೊಂಡ. ಸೇಲ್‌ನ ಕೊಟ್ಟ ವಾರವೇ ಇಲ್ಲಿ ಲುಕಾಸ್ ಜಿಯೊಲಿಟೊ ಅಂತ ಇನ್ನೊಬ್ಬನ್ನ 3.85 ಕೋಟಿ ಡಾಲರಿಗೆ ತಂದ್ರು. ಮೊಣಕೈ ಹೋಯ್ತು, ಆ ಸೀಸನ್ ಒಂದು ಬಾಲೂ ಎಸೀಲಿಲ್ಲ. ತಂಡದ ಛೇರ್ಮನ್ನು ಫುಲ್ ಥ್ರಾಟಲ್ ಅಂತ ಬೇರೆ ಅಂದಿದ್ರು. ಥ್ರಾಟಲ್ ಅಂತೆ! ಗಾಡಿಗೆ ಪೆಟ್ರೋಲೇ ಹಾಕ್ಸಿರಲಿಲ್ಲ.’

‘ಈ ತೀರ್ಮಾನ ಎಲ್ಲ ಯಾರು ಮಾಡೋದು ಅಂಕಲ್?’

‘ಬ್ರೆಸ್ಲೋ ಅಂತ. ಯೇಲ್‌ನಲ್ಲಿ ಬಯೋಕೆಮಿಸ್ಟ್ರಿ ಓದಿದ್ದಾನಂತೆ. ಅಂಥವನಿಗೆ ಬೇಸ್‌ಬಾಲ್ ಏನಪ್ಪ ಗೊತ್ತಿರುತ್ತೆ?’

ಕ್ರೇಗ್ ಬ್ರೆಸ್ಲೋ ಸ್ವತಃ ಪಿಚ್ಚರ್ ಆಗಿದ್ದವರು, 2013ರಲ್ಲಿ ಚಾಂಪಿಯನ್ ಆದ ಬಾಸ್ಟನ್ ತಂಡದಲ್ಲೇ ಇದ್ದವರು ಎಂಬುದನ್ನು ಅಂಕಲ್ ಹೇಳಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿಯೊಂದನ್ನೂ ಹೇಳಲಿಲ್ಲ. ಸೇಲ್ 2022ರಲ್ಲಿ ಒಂದು ಸಲ ಚೆಂಡು ತಾಗಿ ಬೆರಳು ಮುರಿದುಕೊಂಡು, ಅದು ಸಾಲದೆಂಬಂತೆ ಸೈಕಲ್ಲಿನಿಂದ ಬಿದ್ದು ಮಣಿಕಟ್ಟನ್ನೂ ಮುರಿದುಕೊಂಡಿದ್ದ. ಅವನನ್ನು ಅಟ್ಲಾಂಟಾಗೆ ಸಾಗಹಾಕಿದ ಸುದ್ದಿ ಬಂದ ಮೇಲಿನ ಮೊದಲ ಸಂಕ್ರಾಂತಿ ಊಟದಲ್ಲಿ ಇದೇ ಅಂಕಲ್ ಇದೇ ಪೊಂಗಲ್ ಮುಂದೆ ಕೂತು, ‘ಪೀಡೆ ತೊಲಗಿತು. ಸಂಬಳಕ್ಕಿಂತ ಅವನ ಪ್ಲಾಸ್ಟರ್ ಖರ್ಚೇ ಜಾಸ್ತಿ’ ಎಂದು ಎರಡನೇ ಸಲ ಬಡಿಸಿಕೊಂಡಿದ್ದರು. ಈಗ, ‘ಅವತ್ತೇ ಹೇಳಿದ್ದೆ, ಯಾರು ಕೇಳ್ತಾರೆ!’ ಎನ್ನುವಾಗ ಅವರ ಮುಖದಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಸುಳ್ಳು ಹೇಳುವವನಿಗೆ ನಿಜ ನೆನಪಿರಬೇಕಲ್ಲ. ಪಕ್ಕದಲ್ಲಿ ಎಲೆ ಅಡಿಕೆ ಹಂಚುತ್ತಿದ್ದ ಅವರ ಹೆಂಡತಿಗೆ ನೆನಪಿತ್ತು. ‘ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ನಮ್ಮನೇಲಿ ವರ್ಷಾವರ್ಷ ಉರಿಯುತ್ತೆ’ ಎಂದು ಮುಂದೆ ಹೋದರು.

ಹುಡುಗ ಬಿಟ್ಟ ಬಾಯಿ ಬಿಟ್ಟಂತೆ ಕೇಳುತ್ತಾ ಕೂತಿದ್ದವನು ಕೈ ಚಾಚಿ ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡುಬಿಟ್ಟ. ಆಮೇಲೆ ಗಾಬರಿಯಾಗಿ ಅಂಕಲ್ ಮುಖ ನೋಡಿದ.

‘ಪರವಾಗಿಲ್ಲ ಬಿಡಪ್ಪ,’ ಎಂದರು ಅಂಕಲ್. ‘ಗ್ರಿಸಮ್‌ನಿಂದ ಇಷ್ಟಾದರೂ ಉಪಯೋಗ ಆಯ್ತಲ್ಲ.’

ಇವರೇ ಸೂಚಿಸುವ ಟ್ರೇಡುಗಳದ್ದು ಇನ್ನೊಂದು ಕಥೆ. ನಮ್ಮ ಬೆಂಚಿನ ಮೇಲೆ ಕೂತಿರುವ ಮೂವರನ್ನು ಕೊಟ್ಟು ಅವರ ಒಬ್ಬ ಮಹಾರಥನನ್ನು ತರುವುದು, ಸದಾ ಇದೇ ಮಾದರಿ. ಆ ಕಡೆಯವರು ಯಾಕೆ ಒಪ್ಪುತ್ತಾರೆ ಎಂದು ಕೇಳಿದರೆ ನಿಮಗೆ ಆಟದ ಒಳಸುಳಿ ತಿಳಿಯದು ಎಂದರ್ಥ. ನಮ್ಮ ಹುಡುಗನನ್ನು ಕೇಳುವವರೆಗೆ ಅವನು ಯಾರಿಗಾದರೂ ಕೊಟ್ಟುಬಿಡಬಹುದಾದ ಕಲ್ಲುಹರಳು. ಯಾರಾದರೂ ಕೇಳಿದರೋ, ಆ ಕ್ಷಣದಿಂದ ವಜ್ರ.

ತಂಡ ಗೆದ್ದರಾದರೂ ಇವನಿಗೆ ಸಮಾಧಾನವೇ ಎಂದರೆ, ಅದೇ ಇವನ ಬದುಕಿನ ಕಷ್ಟಕಾಲ. 2018ರಲ್ಲಿ ರೆಡ್ ಸಾಕ್ಸ್ 108 ಪಂದ್ಯ ಗೆದ್ದು ವರ್ಲ್ಡ್ ಸೀರೀಸನ್ನೂ ಎತ್ತಿತು. ಇಡೀ ಬಾಸ್ಟನ್ ಬೀದಿಯಲ್ಲಿ ಕುಣಿಯುವಾಗ ಈತನೂ ಕುಣಿದ, ಆದರೆ ಒಂದು ಕಾಲು ಎಳೆಯುತ್ತಿತ್ತು. ಡಿಸೆಂಬರ್‌ನಲ್ಲಿ ತಂಡ ಪಿಚ್ಚರ್ ನೇಥನ್ ಇಯೊವಾಲ್ಡಿಗೆ ನಾಲ್ಕು ವರ್ಷಕ್ಕೆ 6.8 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡ ಮೇಲೆ ಉಸಿರು ಸರಾಗವಾಯಿತು: ‘ಗೆದ್ದ ಅಮಲಿನಲ್ಲಿ ದುಡ್ಡು ಚೆಲ್ಲಿದರು.’ 2019ರ ಏಪ್ರಿಲ್‌ನಲ್ಲಿ ಇಯೊವಾಲ್ಡಿಯ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು, ತಂಡ ಪ್ಲೇಆಫ್ ಕೂಡ ಕಾಣಲಿಲ್ಲ. ಆ ಬೇಸಿಗೆಯಲ್ಲಿ ಇವನ ಮುಖದಲ್ಲಿದ್ದ ಕಳೆ 2018ರ ಮೆರವಣಿಗೆಯಲ್ಲೂ ಇರಲಿಲ್ಲ.

ಫೆಬ್ರವರಿ ಬಂತೆಂದರೆ ಸಾಮಾನು ತುಂಬಿದ ಲಾರಿ ಫೆನ್‌ವೇಯಿಂದ ಫ್ಲೋರಿಡಾದ ಫೋರ್ಟ್ ಮೈಯರ್ಸ್‌ಗೆ ತಾಲೀಮಿಗೆ ಹೊರಡುತ್ತದೆ. ‘ಟ್ರಕ್ ಡೇ’ ಎಂದು ಅದನ್ನು ಬೀಳ್ಕೊಡಲು ಜನ ಚಳಿಯಲ್ಲಿ ಬಂದು ನಿಲ್ಲುತ್ತಾರೆ, ಬ್ಯಾಟು, ಚೆಂಡು, ಬಬಲ್‌ಗಮ್ ಪೆಟ್ಟಿಗೆಗಳಿಗೆ ಕೈ ಬೀಸುತ್ತಾರೆ. ನಮ್ಮ ನಾಯಕನಿಗೆ ಅದು ಮಗಳನ್ನು ಗಂಡನ ಮನೆಗೆ ಕಳಿಸಿದಂತೆ. ಇನ್ನು ಆಟ ಶುರು, ಫಲಿತಾಂಶ ಶುರು. ಏನು ಹೇಳಿದರೂ ಸಂಜೆಯೊಳಗೆ ಸ್ಕೋರ್‌ಬೋರ್ಡ್ ಸಾಕ್ಷಿ ಹೇಳಿಬಿಡುತ್ತದೆ. ಅವನ ವಿದ್ಯೆಗೆ ಅದು ಒಗ್ಗುವ ಹವೆಯಲ್ಲ.

ಹೀಗಿರುವಾಗ 2025ರ ಜೂನ್ 15, ಭಾನುವಾರ, ಅಕಾಲದಲ್ಲಿ ಹಬ್ಬ ಬಂತು. ಆ ವಾರಾಂತ್ಯ ರೆಡ್ ಸಾಕ್ಸ್ ಮನೆಯಂಗಳದಲ್ಲೇ ಯಾಂಕೀಸ್ ತಂಡವನ್ನು ಮೂರಕ್ಕೆ ಮೂರೂ ಸೋಲಿಸಿತ್ತು. ಕೊನೆಯ ಪಂದ್ಯದಲ್ಲಿ ರಫಾಯೆಲ್ ಡೆವರ್ಸ್ ಒಂದು ಹೋಮ್ ರನ್ ಕೂಡ ಹೊಡೆದಿದ್ದ. ಮಧ್ಯಾಹ್ನ ಅಂಕಲ್‌ಗೆ ಫೋನ್ ಮಾಡಿ ಅಭಿನಂದನೆ ಹೇಳಿದರೆ ಧ್ವನಿ ಸಪ್ಪಗಿತ್ತು. ‘ಹ್ಞೂಂ, ಗೆದ್ರು’ ಎಂದರು, ಸಕ್ಕರೆ ಕಾಯಿಲೆಯ ರಿಪೋರ್ಟ್ ಓದಿದ ಹಾಗೆ. ಸಂಜೆ ಅವರೇ ಫೋನ್ ಮಾಡಿದರು.

‘ಡೆವರ್ಸ್‌ನ ಸ್ಯಾನ್ ಫ್ರಾನ್ಸಿಸ್ಕೋಗೆ ಮಾರ್ಬಿಟ್ರು! ನೋಡಿದ್ಯೇನಯ್ಯ? ಹೋಮ್ ರನ್ ಹೊಡೆದ ಬೆವರು ಆರಿರಲಿಲ್ಲ! ಮನೆಮಗ ಅವನು!’

2023ರ ಜನವರಿಯಲ್ಲಿ ಅದೇ ಮನೆಮಗನಿಗೆ ಹತ್ತು ವರ್ಷಕ್ಕೆ 31.35 ಕೋಟಿ ಡಾಲರ್ ಕೊಟ್ಟಾಗ, ‘ಬ್ಯಾಟ್ ಬೀಸೋದೊಂದು ಬಿಟ್ರೆ ಏನು ಬರುತ್ತೆ ಅವನಿಗೆ, ಕೈಗೆ ಬಂದ ಚೆಂಡು ಬಿಡ್ತಾನೆ’ ಎಂದವರು ಯಾರು ಎಂದು ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಚಿಕ್ಕವರಾದಂತೆ ಮಾತಾಡುತ್ತಿದ್ದರು, ತಡೆಯುವುದು ಪಾಪ. ಅಲೆಕ್ಸ್ ಬ್ರೆಗ್‌ಮನ್‌ನನ್ನು ತಂದು ಡೆವರ್ಸ್‌ನ ಜಾಗದಲ್ಲಿ ನಿಲ್ಲಿಸಿದ್ದೇ ಮೂಲವ್ಯಾಧಿ ಎಂದರು, ರೂತ್ ಎಂದರು, ಬೆಟ್ಸ್ ಎಂದರು. ಕೊನೆಗೆ, ‘ಅವನ ಕರಾರು 2033ರವರೆಗೂ ಇದೆ. ಅಲ್ಲಿ ಹೊಡೆಯೋ ಒಂದೊಂದು ಹೋಮ್ ರನ್ನೂ ಬರೆದಿಡ್ತೀನಿ ನೋಡ್ತಿರು’ ಎಂದರು.

ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಎರಡನ್ನೂ ಅವತ್ತಿನಿಂದ ಯಾರೂ ಹೇಳದೆಯೇ ಹೊತ್ತು ಹೊತ್ತಿಗೆ ನುಂಗುತ್ತಿದ್ದಾರೆ ಎಂದು ಅವರ ಹೆಂಡತಿ ಹೇಳಿದರು.