ಬೆಳಗಿನ ನಡುಕ

ಮಾರ್ಗಶಿರದ ಮೈಸೂರಿನಲ್ಲಿ ಬೆಳಗ್ಗೆ ಆರೂವರೆಗೆ ನೆರೆಹೊರೆಯವರನ್ನೆಲ್ಲ ಒಟ್ಟಿಗೆ ಮಾತಾಡಿಸಬೇಕೆಂದರೆ ಕಾರು ಸ್ಟಾರ್ಟ್ ಮಾಡಬೇಕು, ಅದು ನಡುಗಬೇಕು. ನನ್ನದು ಚೆನ್ನಾಗಿಯೇ ನಡುಗುತ್ತಿತ್ತು. ಸೆಲ್ಫ್ ಹೊಡೆದರೆ ಇಂಜಿನ್ ತಕ್ಷಣ ಹತ್ತಿಕೊಳ್ಳುತ್ತಿತ್ತು, ಅದರಲ್ಲಿ ದೂರಿಲ್ಲ. ಆಮೇಲೆ ಶುರು. 1300ರ ಹತ್ತಿರ ನಿಲ್ಲಬೇಕಾದ ಆರ್‌ಪಿಎಂ ಮುಳ್ಳು 500ಕ್ಕೆ ಕುಸಿದು, ಏನೋ ನೆನಪಾದವರ ಥರ ಎದ್ದು, ಮತ್ತೆ ಕುಸಿಯುವುದು. ಕನ್ನಡಿಯಲ್ಲಿ ಒಂದೇ ಗೇಟು ಮೂರಾಗಿ ಕಾಣುವುದು. ಡ್ಯಾಶ್‌ಬೋರ್ಡಿನ ಗಣಪತಿ ನನಗೆ ಮುಖ ಕೊಟ್ಟು ಕೂತಿದ್ದವನು ನಿಧಾನಕ್ಕೆ ಕಿಟಕಿ ಕಡೆ ತಿರುಗಿಬಿಡುವುದು.

ಎದುರುಮನೆ ರಾಯರು ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ ಕಟ್ಟಿಸಿ ನಿವೃತ್ತರಾದವರು. ಮಂಕಿ ಟೋಪಿಯೊಳಗಿಂದಲೇ ತೀರ್ಪು ಕೊಟ್ಟರು: "ಪೆಟ್ರೋಲ್ ಸ್ವಾಮಿ, ಪೆಟ್ರೋಲು. ಈಗ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸ್ತಾರೆ." ಹಾಲಿನವನು ಪ್ಲಗ್ಗು ಅಂದ. ಮಹಡಿ ಮನೆಯವರು, ಇಲಿ ವೈರು ಕಡಿದಿದೆ, ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಗಂಟು ಕಟ್ಟಿ ಅಂದರು. ದಾವಣಗೆರೆಯಲ್ಲಿರುವ ಭಾವಮೈದುನ ಫೋನನ್ನು ಬಾನೆಟ್ ಹತ್ತಿರ ಹಿಡಿಸಿ, ಕಣ್ಣು ಮುಚ್ಚಿಕೊಂಡು ಕೇಳಿರಬೇಕು, "ಭಾವ, ಇಂಜಿನ್ ಮೌಂಟಿಂಗ್ ಹೋಗಿದೆ" ಅಂದ.

ಇವರನ್ನು ನೋಡಿ ನಗುವ ಹಾಗೂ ಇರಲಿಲ್ಲ. ಕಾರು ಹೀಗೆ ನಡುಗುವುದಕ್ಕೆ ಅವರು ಹೇಳಿದ ಒಂದೊಂದೂ ನಿಜವಾದ ಕಾರಣವೇ. ಸವೆದ ಪ್ಲಗ್, ಸೋತ ಕಾಯಿಲ್, ಮಸಿ ಕಟ್ಟಿದ ಥ್ರಾಟಲ್ ಬಾಡಿ, ಸುಳ್ಳು ಹೇಳುವ ಟೆಂಪರೇಚರ್ ಸೆನ್ಸರ್ ಎಂದು ಪಟ್ಟಿಯನ್ನು ಇನ್ನೂ ಬೆಳೆಸಬಹುದು. ರಾಯರು ಮಾತಿಗೆ ನಿಲ್ಲಿಸಲಿಲ್ಲ. ಇಂಜೆಕ್ಟರ್ ತೊಳೆಯುವ ದ್ರಾವಣದ ಬಾಟಲಿಯೊಂದನ್ನು ತಂದು ನನ್ನ ಟ್ಯಾಂಕಿಗೆ ತಾವೇ ಸುರಿದರು. ನಡುಕಕ್ಕೆ ಅದರ ಪರಿಚಯವಾದಂತೆ ಕಾಣಲಿಲ್ಲ.

ಗ್ಯಾರೇಜಿಗೆ ಹೋಗದೆ ಕೂತಿದ್ದೆ ಅಂದುಕೊಳ್ಳಬೇಡಿ. ತೊಂದರೆ ಇದ್ದದ್ದೇ ಅಲ್ಲಿಗೆ ಹೋಗುವುದರಲ್ಲಿ. ಈ ಕಾಯಿಲೆಯ ಆಯಸ್ಸು ಎರಡು ಮೂರು ನಿಮಿಷ. ರಿಂಗ್ ರೋಡ್ ಮುಟ್ಟುವಷ್ಟರಲ್ಲಿ ಇಂಜಿನ್ ಕಾದಿರುತ್ತದೆ, ಮುಳ್ಳು 800ರಲ್ಲಿ ಸಭ್ಯವಾಗಿ ನಿಂತಿರುತ್ತದೆ. ಮೆಕ್ಯಾನಿಕ್ ತಾನು ಕುಡಿಯುತ್ತಿದ್ದ ಟೀ ಗ್ಲಾಸನ್ನು ಓಡುತ್ತಿದ್ದ ಇಂಜಿನ್ನಿನ ಮೇಲಿಟ್ಟು ಕೈ ಕಟ್ಟಿ ನಿಂತ. ಟೀ ಮೇಲಿನ ಕೆನೆ ಕೂಡ ಅಲುಗಲಿಲ್ಲ. "ಇದರಲ್ಲಿ ಏನ್ ಸಾರ್ ಕಂಪ್ಲೇಂಟು?" ಸ್ಕ್ಯಾನರ್ ಸಿಕ್ಕಿಸಿದಾಗ ಮಾತ್ರ ಹಳೆಯದೊಂದು ಕೋಡ್ ಕಾಣಿಸಿತು: ಪಿ0300. ಪಿ0301 ಅಂದಿದ್ದರೆ ಒಂದನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದರ್ಥ. 0300 ಅಂದರೆ ಮಿಸ್ ಹೊಡೆದದ್ದು ಹೌದು, ಇಂಥವರೇ ಎಂದು ಹೇಳಲಾಗದು. ಪೊಲೀಸರು 'ಅಪರಿಚಿತ ವ್ಯಕ್ತಿಗಳು' ಎಂದು ದೂರು ಬರೆದುಕೊಂಡ ಹಾಗೆ.

"ರಾತ್ರಿ ಇಲ್ಲೇ ಬಿಟ್ಟು ಹೋಗಿ ಸಾರ್, ಬೆಳಗ್ಗೆ ನೀವೂ ಬೇಗ ಬನ್ನಿ. ಬರೋ ತನಕ ಯಾರೂ ಕೀ ಮುಟ್ಟಲ್ಲ" ಅಂದ. ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ಮಾತು ಅಂತ ಹೊರಟದ್ದು ಇದೊಂದೇ. ರೋಗಿಯನ್ನು ಅಡ್ಮಿಟ್ ಮಾಡಿ ಆಟೋದಲ್ಲಿ ಮನೆಗೆ ಬಂದೆ.

ಮಾರನೆಯ ಬೆಳಗ್ಗೆ ಸೆಲ್ಫ್ ಹೊಡೆದದ್ದೇ ತಡ, ಇಂಜಿನ್ ನನ್ನ ಮಾನ ಕಾಪಾಡಿತು. ಧಾರಾಳವಾಗಿ ನಡುಗಿತು. ಮೆಕ್ಯಾನಿಕ್ ಮುಖ ಅರಳಿತು. ಕಾಯಿಲ್‌ಗಳ ಕನೆಕ್ಟರನ್ನು ಒಂದೊಂದಾಗಿ ಕಿತ್ತು ಹಾಕುತ್ತ ಹೋದ. ಯಾವುದನ್ನು ಕಿತ್ತಾಗ ಇಂಜಿನ್ನಿಗೆ ಏನೂ ಅನ್ನಿಸುವುದಿಲ್ಲವೋ ಆ ಸಿಲಿಂಡರು ಮೊದಲೇ ಕೆಲಸ ಬಿಟ್ಟಿದೆ ಎಂದರ್ಥ. ಇಲ್ಲಿ ನಾಲ್ಕರಲ್ಲಿ ಯಾವುದನ್ನು ಕಿತ್ತಾಗಲೂ ಇಂಜಿನ್ ಇನ್ನಷ್ಟು ನರಳಿತು. ಅಂದರೆ ಯಾವೊಂದು ಪ್ಲಗ್ಗೂ ಕಾಯಿಲ್ಲೂ ಪೂರ್ತಿ ಸತ್ತಿಲ್ಲ, ನಾಲ್ವರಿಗೂ ಊಟದಲ್ಲೇ ಏನೋ ಕಡಿಮೆ ಬೀಳುತ್ತಿದೆ.

ಆಮೇಲೆ ಥ್ರಾಟಲ್ ಬಾಡಿಯ ಹಿಂದಕ್ಕೆ ಕೈ ತೂರಿಸಿ, ಕಣ್ಣು ಛಾವಣಿಯ ಕಡೆ ನೆಟ್ಟು, ಬೆರಳಲ್ಲೇ ತಡಕಾಡಿದ. ಬೆರಳು ದಪ್ಪದ ಒಂದು ರಬ್ಬರ್ ಪೈಪು ಸಿಕ್ಕಿತು. ಅದನ್ನು ಬಾಗಿನಲ್ಲಿ ಒತ್ತಿ ಹಿಡಿದ, ನಡುಕ ನಿಂತಿತು. ಬಿಟ್ಟ; ನಡುಗಿತು. ಮತ್ತೆ ಒತ್ತಿದ. "ನೀವೂ ಒತ್ತಿ ನೋಡಿ ಸಾರ್" ಅಂದ. ಒತ್ತಿದೆ. ಅಷ್ಟು ದೊಡ್ಡ ಯಂತ್ರ ನನ್ನ ಎರಡು ಬೆರಳಿನ ಮಾತು ಕೇಳಿತು. ಮನೆಯಲ್ಲಿ ನನಗೆ ಈ ಅಧಿಕಾರವಿಲ್ಲ.

ಇಂಜಿನ್ನಿನೊಳಗೆ ಸೋರುವ ಹಬೆಯನ್ನು ವಾಪಸು ಉಸಿರಿನ ದಾರಿಗೆ ಕಳಿಸುವ ಪಿಸಿವಿ ಪೈಪಂತೆ ಅದು. ವಯಸ್ಸಾಗಿ ಗಡುಸಾಗಿ, ಬಾಗಿನ ಅಡಿಭಾಗದಲ್ಲಿ, ಮೇಲಿನಿಂದ ಬಗ್ಗಿ ನೋಡುವವರ ಕಣ್ಣಿಗೆ ಬೀಳದಂತೆ, ಉಗುರಿನಷ್ಟು ಸೀಳಿತ್ತು. ಅದರಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು. ತಣ್ಣಗಿರುವಾಗ ಪೆಟ್ರೋಲು ಸರಿಯಾಗಿ ಆವಿಯಾಗದು, ಅದಕ್ಕೇ ಆಗ ಇಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತದೆ. ಹಿಂದಿನ ಕಾಲದಲ್ಲಿ ನಾವು ಚೋಕ್ ಎಳೆದು ಕೊಡುತ್ತಿದ್ದದ್ದು ಇದನ್ನೇ. ಈಗ ಕಂಪ್ಯೂಟರ್ ಅಳೆದು ಕೊಡುತ್ತದೆ. ಸೈಲೆನ್ಸರ್ ದಾರಿಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ 300 ಡಿಗ್ರಿಯಷ್ಟು ಕಾಯುವವರೆಗೆ ಬಾಯಿ ಬಿಡುವುದಿಲ್ಲ. ಅಲ್ಲಿಯವರೆಗೆ ಕಂಪ್ಯೂಟರಿನದು ಬರೀ ಅಂದಾಜು. ಸೆನ್ಸರ್ ಎಚ್ಚೆತ್ತು 'ಗಾಳಿ ಜಾಸ್ತಿಯಾಯಿತು' ಎಂದು ಚಾಡಿ ಹೇಳಿದ ಮೇಲೆ ಪೆಟ್ರೋಲು ಸರಿದೂಗುತ್ತದೆ, ಬಿಸಿಗೆ ಮೆತ್ತಗಾದ ರಬ್ಬರೂ ಸೀಳನ್ನು ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ. ಟೀ ಕೆನೆ ಅಲುಗದಿದ್ದ ರಹಸ್ಯ ಇದು.

ಹೊಸ ಪೈಪು ಹಾಕಿಸಿದೆ. ಗಣಪತಿ ಈಗ ನನ್ನನ್ನೇ ನೋಡುತ್ತಾನೆ. ರಾಯರಿಗೆ ಪೈಪಿನ ವಿಷಯ ವಿವರವಾಗಿ ಹೇಳಿದೆ, ಸೀಳಿದ ತುಂಡನ್ನೂ ತೋರಿಸಿದೆ. ಅದನ್ನು ಕೈಯಲ್ಲಿ ಹಿಡಿದು ಸಾವಧಾನವಾಗಿ ನೋಡಿ, "ಪೈಪೂ ಹಾಕಿಸಿದ್ದು ಒಳ್ಳೇದೇ ಆಯ್ತು ಬಿಡಿ. ಆದರೆ ಬಾಟಲಿ ಕೆಲಸ ಮಾಡಿತ್ತು" ಅಂದರು. ಈಗ ಅವರ ಮನೆಯಲ್ಲಿ ಬಾಟಲಿಗಳ ಒಂದು ಡಬ್ಬವೇ ಇದೆ. ನಿನ್ನೆ ಹಾಲಿನವನ ಟಿವಿಎಸ್ ಟ್ಯಾಂಕಿನ ಮುಚ್ಚಳ ತೆಗೆಸುತ್ತಿದ್ದರು.